ಇಂಡಿಯ ನಾನೂರ ಹನ್ನೆರಡು ಓಟು

ಮಹಮ್ಮದಹನೀಫ ಆ ಭಾನುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಚಹಾ ಕುಡಿಯುತ್ತ ತನ್ನ ಅಂಗಡಿಯ ಗಿರಾಕಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದ: 'ಆಟಗಳ ಪ್ರಶಸ್ತಿಗೆ ಓಟು ಹಾಕಲು ಇಂದು ಸಂಜೆ ಐದರವರೆಗೆ ಅವಕಾಶ ಇದೆ.' ಕೆಳಗೆ ಒಂದು ಲಿಂಕು, ಅದರ ಕೆಳಗೆ ಕೈಮುಗಿದ ಚಿತ್ರ. ಇಂಡಿ ಪಟ್ಟಣದಲ್ಲಿ 'ಓಟು' ಎಂಬ ಮಾತನ್ನು ಇಷ್ಟು ಹಗುರಾಗಿ ಆಡಬಾರದೆಂದು ನಲವತ್ತೆಂಟು ವರ್ಷ ಅಲ್ಲೇ ಬಾಳಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹನೀಫನದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿ. ತಾಲ್ಲೂಕಿನ ಅರ್ಧ ಜನರ ಹೆಸರನ್ನು ಅವನು ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಒತ್ತಿದ್ದಾನೆ. ಎರಡು ವರ್ಷದ ಹಿಂದೆ ಯಾರೋ ಬೈಂಡಿಂಗಿಗೆ ಕೊಟ್ಟು ಮರೆತುಹೋದ ಇಂಗ್ಲಿಷ್ ಪುಸ್ತಕವೊಂದು ಅವನ ಕಪಾಟಿನಲ್ಲಿ ಉಳಿಯಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಅದೊಂದು ಆಟದ ಪುಸ್ತಕ ಎಂದು ತಿಳಿಯಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗುವುದು, 'ಈಗ ನಾನು ಹೀಗೆ ಮಾಡ್ತೀನಿ' ಎನ್ನುವುದು, ದಾಳ ಉರುಳಿಸಿ ಅದು ಫಲಿಸಿತೋ ಇಲ್ಲವೋ ನೋಡುವುದು. ಪುಸ್ತಕದಲ್ಲಿ ಬೆಂಕಿ ಉಗುಳುವ ಪ್ರಾಣಿಗಳಿದ್ದವು. ಹನೀಫ ಅವನ್ನೆಲ್ಲ ಓಡಿಸಿ ಭೀಮಾ ನದಿಯ ಮಹಾಪೂರವನ್ನು ತಂದಿಟ್ಟ. ಆಟದ ಹೆಸರು 'ಭೀಮಾ ದಾಟು'.

ಈ ದಂಡೆಯಲ್ಲಿ ಐದು ಮಂದಿ: ಬಳೆಗಾರ, ಹಕೀಮ, ಬೀಗಿತಿ, ಕಳ್ಳ, ಪೊಲೀಸ. ದೋಣಿಯಲ್ಲಿ ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ಯಾರು ಮೊದಲು, ಯಾರು ಆಮೇಲೆ ಎಂದು ಮಾತಾಡಿ ಒಪ್ಪಿಸಬೇಕು. ಹೊಳೆಯ ಸಿಟ್ಟು ಎಷ್ಟೆಂದು ದಾಳ ಹೇಳುತ್ತದೆ. ಉಳಿದವರನ್ನೆಲ್ಲ ಸುಖವಾಗಿ ಆಚೆ ಕಳಿಸಿ ಕೊನೆಗೆ ದಾಟಿದವರು ಗೆದ್ದರು. ಎದುರು ಮನೆಯ ಕಸ್ತೂರೆವ್ವ ಆರು ತಿಂಗಳಿಂದ ಪ್ರತಿ ಸಂಜೆ ಬಂದು ಕಳ್ಳನ ಪಾತ್ರವನ್ನೇ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಮುದುಕಿ. ಊರಿನ ಅರ್ಧ ಜನರ ಮೂಗು ಒರೆಸಿದವಳು. "ವಟವಟ ಅನ್ನಾವ್ರನ್ನ ಮೊದಲ ಸಾಗಹಾಕಬೇಕು, ದಂಡಿ ತಣ್ಣಗಾಗ್ತದ" ಎಂದು ಪ್ರತಿ ಸಲ ಪೊಲೀಸನನ್ನು ಮೊದಲನೆಯ ದೋಣಿಗೆ ಹತ್ತಿಸುತ್ತಿದ್ದಳು.

ಆಟದ ಅರವತ್ತು ರಟ್ಟಿನ ಎಲೆಗಳ ಮೇಲಿನ ಚಿತ್ರಗಳೆಲ್ಲ ಹನೀಫನ ಹೆಂಡತಿ ಸಗೀರಾಳ ಕೈಯವು. ಸಗೀರಾ ಮದುವೆಮನೆಗಳಲ್ಲಿ ಮೆಹಂದಿ ಬರೆಯುವವಳು. ಅವಳ ಬಳ್ಳಿ, ಅವಳ ನವಿಲು ಇಂಡಿಯಿಂದ ಸಿಂದಗಿಯವರೆಗಿನ ಮದುವಣಗಿತ್ತಿಯರ ಕೈಮೇಲೆ ಅರಳಿವೆ. "ನಿಮ್ಮ ಅಕ್ಷರ ಐವತ್ತ ವರ್ಷ ಇರ್ತಾವ. ನನ್ನ ಚಿತ್ರಾ ಹತ್ತ ದಿನಕ್ಕ ಭಾಂಡಿ ತಿಕ್ಕೂದ್ರಾಗ ಹೋಗ್ತಾವ" ಎಂದು ಒಮ್ಮೆ ನಗುತ್ತಲೇ ಅಂದಿದ್ದಳು. ಆ ನಗು ಹನೀಫನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆಟಕ್ಕೆ ತಾನೇ ಒಂದು ಪೆಟ್ಟಿಗೆ ಮಾಡಿ ಅವಳ ಹೆಸರು ಒತ್ತಲು ಹೋದಾಗ ಅವಳು ಕೈ ಹಿಡಿದಳು. "ಗಂಡ ಹೇಣ್ತಿ ಹೆಸರು ಬರದ್ರ ಅದೇನ್ ದೊಡ್ಡಸ್ತನ? ಬ್ಯಾರೇದಾವ್ರು ಬರೀಬೇಕ್ರಿ."

ಬೆಂಗಳೂರಿನ ಪಾತ್ರದಾಟ ಬಳಗ ಕೊಡುವ ವರ್ಷದ ಪ್ರಶಸ್ತಿಗೆ ಅವನು ಆಟ ಕಳಿಸಿದ್ದು ಅದಕ್ಕೇ. ಗೆದ್ದ ಆಟವನ್ನು ಬಳಗದವರೇ ಸಾವಿರ ಪೆಟ್ಟಿಗೆ ಅಚ್ಚು ಹಾಕಿಸುತ್ತಾರೆ. ಪೆಟ್ಟಿಗೆಯ ಮೇಲೆ ಚಿತ್ರ ಬರೆದವರ ಹೆಸರೂ ಇರುತ್ತದೆ. 'ಭೀಮಾ ದಾಟು' ಕೊನೆಯ ಐದರಲ್ಲಿ ಬಂದಿತ್ತು. ಇನ್ನು ಉಳಿದದ್ದು ಜನರ ಓಟು ಮಾತ್ರ.

ಬಳಗಕ್ಕೂ ಇದೇನು ಸುಲಭದ ಕೆಲಸ ಆಗಿರಲಿಲ್ಲ. ಮೊದಲ ವರ್ಷ ಗೆದ್ದವನು ತೀರ್ಪುಗಾರನ ಭಾವಮೈದುನ ಎಂದು ಗದ್ದಲವಾಯಿತು. ಎರಡನೆಯ ವರ್ಷ ಗೆದ್ದವನು ಅದೇ ಹೆದರಿಕೆಗೆ ಪ್ರಶಸ್ತಿ ಬೇಡ ಎಂದ. ಎರಡನೆಯ ಸ್ಥಾನದವನು ಅವನ ಮೇಲಿನ ಗೌರವಕ್ಕೆ ಬೇಡ ಎಂದ. ಮೂರನೆಯವನು ತೆಗೆದುಕೊಂಡು ಎಲ್ಲರ ಕೈಲೂ ಬೈಸಿಕೊಂಡ. ಈ ವರ್ಷ ಮೈಸೂರಿನವರೊಬ್ಬರು ಪ್ರತಿಭಟಿಸಿ ಕಣದಿಂದ ಹಿಂದೆ ಸರಿದರು. ಹಿಂದೆ ಸರಿದದ್ದನ್ನು ಬಳಗ ಒಪ್ಪಿಕೊಂಡಿತೆಂದು ಮತ್ತೆ ಪ್ರತಿಭಟಿಸಿ ಒಳಗೆ ಬಂದರು. ಬಳಗದ್ದೊಂದು ವಾಟ್ಸಾಪ್ ಗುಂಪು, ಬಳಗ ಬಿಟ್ಟವರದೊಂದು, ಬಿಟ್ಟವರನ್ನು ಬಿಟ್ಟವರದು ಇನ್ನೊಂದು. ಹನೀಫ ಎಲ್ಲದರಲ್ಲೂ ಇದ್ದ, ಎಲ್ಲಿಂದ ಹೊರಗೆ ಬಂದರೂ ಅದೊಂದು ಪಕ್ಷವಾದೀತೆಂಬ ಹೆದರಿಕೆಗೆ.

ವಾಟ್ಸಾಪಿನ ಸಾಲು ಹಾಕಿ ಹತ್ತು ನಿಮಿಷವಾಗಿರಲಿಲ್ಲ, ರೇವಣಪ್ಪ ಬಂದ. ಪುರಸಭೆಯ ಮಾಜಿ ಸದಸ್ಯ. ಮೂರು ಸಲ ಗೆದ್ದು, ನಾಲ್ಕನೆಯ ಸಲ ಒಂಬತ್ತು ಓಟಿನಿಂದ ಸೋತು, ಅಂದಿನಿಂದ ಕೈ ಕಡಿಯುತ್ತಿರುವ ಮನುಷ್ಯ.

"ಏನ್ ಹನೀಫಣ್ಣಾ, ಎಲೆಕ್ಷನ್‌ಗೆ ನಿಂತೀ, ನನಗೊಂದ ಮಾತ ಹೇಳಲಿಲ್ಲ?"

"ಎಲೆಕ್ಷನ್ ಅಲ್ರಿ ರೇವಣಪ್ಪಾರ. ಪ್ರಶಸ್ತಿ."

"ಓಟ ಹಾಕೂದ ಐತಿಲ್ಲೋ?"

"ಐತ್ರಿ."

"ಎದುರಿಗೆ ನಿಂತಾವ್ರ ಅದಾರಿಲ್ಲೋ?"

"ನಾಕ್ ಮಂದಿ ಅದಾರ್ರಿ. ಒಬ್ಬಾಂವ ನಮ್ಮ ಮುದ್ದೇಬಿಹಾಳದಾಂವನ, ಅನಿಲ ಅಂತ, ಕಾಲೇಜಿನ್ಯಾಗ ಕಲಸ್ತಾನ. ಅವಂದು 'ಕೋಟೆ ಕೀಲಿ' ಅಂತ ಆಟ."

"ಮತ್ತ ಇದಕ್ಕ ಎಲೆಕ್ಷನ್ ಅನ್ನದ ಬಸುರಿ ಹೆಂಗಸಿನ ಕುಬಸಾ ಅಂತಾರೇನು? ನೀ ಸುಮ್ಮನ ಕೂಡು. ಓಣಿಗೊಬ್ಬ ಏಜಂಟನ್ನ ಇಡತೇನಿ."

ಹನೀಫ ಬೇಡ ಬೇಡ ಎನ್ನುವಷ್ಟರಲ್ಲಿ ರೇವಣಪ್ಪ ಓಣಿಯ ತಿರುವು ದಾಟಿದ್ದ. ಹತ್ತು ಗಂಟೆಗೆ ಕಾಸಿಂಸಾಬನ ಆಟೋ ಹೊರಟಿತು. ವಾರವೆಲ್ಲ ಲಿಂಬೆಹಣ್ಣಿನ ಹರಾಜಿನ ಸುದ್ದಿ ಸಾರುವ ಅದೇ ಮೈಕು, ಅದೇ ಗಂಟಲು: "ಇಂಡಿಯ ಹೆಮ್ಮೆಯ ಮಗ ಹನೀಫಸಾಬರ ಆಟಕ್ಕ ನಿಮ್ಮ ಅಮೂಲ್ಯವಾದ ಓಟ ಕೊಟ್ಟು..."

ಯಾರೋ ಅದರ ವಿಡಿಯೋ ತೆಗೆದು ಹರಿಬಿಟ್ಟರು. ಹನ್ನೊಂದಕ್ಕೆ ಬಳಗದ ಮೂರೂ ಗುಂಪುಗಳಲ್ಲಿ ಮುದ್ದೇಬಿಹಾಳದ ಅನಿಲನ ದೂರು ಬಂತು. 'ಇಂಡಿಯಲ್ಲಿ ಪ್ರಜಾಪ್ರಭುತ್ವದ ಕಗ್ಗೊಲೆ' ಎಂಬುದು ಅದರ ಮೊದಲ ಸಾಲು. ಆಮೇಲೆ ಹದಿನಾಲ್ಕು ಅಂಶಗಳಿದ್ದವು. ಅದು ಸುತ್ತಿ ಬಂದು ಇಂಡಿಯ ಫೋನುಗಳಿಗೂ ಮುಟ್ಟಿತು. ಹನ್ನೊಂದೂಕಾಲಿಗೆ ಹನೀಫನ ಫೋನು ಬಡಿದುಕೊಂಡಿತು.

"ನಮಸ್ಕಾರ ಸರ್, ನಾನು ವಿಜಯಲಕ್ಷ್ಮಿ, ಬಳಗದ ಕಾರ್ಯದರ್ಶಿ. ನಿಮ್ಮೂರಲ್ಲಿ ಮೈಕ್ ಕಟ್ಟಿಕೊಂಡು ಪ್ರಚಾರ ನಡೀತಿದೆಯಂತಲ್ಲ?"

"ಮೇಡಂ, ಅದು ನಾ ಹೇಳಿ ಮಾಡಿಸಿದ್ದಲ್ರಿ. ಖರೇನ."

"ನೋಡಿ ಸರ್, ಓಟು ಯಾರು ಬೇಕಾದ್ರೂ ಹಾಕಬಹುದು. ಆದ್ರೆ ಯಾವ ಆಟ ಎಷ್ಟನೇ ಸ್ಥಾನದಲ್ಲಿಡಬೇಕು ಅಂತ ಯಾರೂ ಯಾರಿಗೂ ಹೇಳಬಾರದು. ಇನ್ನೊಬ್ಬರ ಫೋನಲ್ಲಿ ಇಣುಕಬಾರದು. ಇನ್ನೊಂದು ದೂರು ಬಂದ್ರೆ ನಿಮ್ಮ ಆಟ ಪಟ್ಟಿಯಿಂದ ತೆಗೀಬೇಕಾಗತ್ತೆ."

ಹನೀಫ ಸೈಕಲ್ ಹತ್ತಿದ. ಆಟೋದ ದನಿ ಒಮ್ಮೆ ಸಿಂದಗಿ ರಸ್ತೆಯ ಕಡೆಯಿಂದ ಕೇಳುತ್ತಿತ್ತು, ಒಮ್ಮೆ ರೈಲು ನಿಲ್ದಾಣದ ಕಡೆಯಿಂದ. ತನ್ನದೇ ಹೆಸರಿನ ಬೆನ್ನು ಹತ್ತಿ ಊರೆಲ್ಲ ಸುತ್ತಿದ. ದಾರಿಯಲ್ಲಿ ಸಿಕ್ಕವರೆಲ್ಲ ಅವನು ತಾನೇ ಪ್ರಚಾರಕ್ಕೆ ಹೊರಟಿದ್ದಾನೆಂದು ಕೈಬೀಸಿ ಹುರುಪು ತುಂಬಿದರು. ಕೊನೆಗೆ ಲಿಂಬೆ ಮಾರುಕಟ್ಟೆಯ ಗೇಟಿನ ಹತ್ತಿರ ಆಟೋಗೆ ಅಡ್ಡ ನಿಂತ.

"ಕಾಸಿಂ, ನಿನ್ನ ಕಾಲ ಬೀಳ್ತೇನಿ. ಹೇಳಿದ್ದನ್ನ ಹೊಳ್ಳಿ ತಗೋ."

"ಮೈಕಿನ್ಯಾಗ ಹೇಳಿದ್ದನ್ನ ಹೊಳ್ಳಿ ತಗೊಳ್ಳಾಕ ಬರೂದಿಲ್ಲ ಮಾಮಾ. ಹೊಸಾದು ಹೇಳಬಹುದು. ಏನ್ ಹೇಳ್ಲಿ?"

ಹನೀಫ ಹೇಳಿಕೊಟ್ಟ. ಹನ್ನೆರಡು ಗಂಟೆಗೆ ಆಟೋ ಮತ್ತೆ ಹೊರಟಿತು. "ಲಕ್ಷ್ಯ ಕೊಟ್ಟ ಕೇಳ್ರಿ! ಹನೀಫಸಾಬರ ಆಟಕ್ಕ ಓಟ ಹಾಕ್ರಿ ಅಂತ ಯಾರೂ ಯಾರಿಗೂ ಹೇಳಬಾರದು! ಸಂಜಿ ಐದರ ತನಕಾ ಹೇಳಬಾರದು! ಯಾರ ಫೋನಿನ್ಯಾಗೂ ಯಾರೂ ಇಣುಕಬಾರದು!"

ಮೊದಲ ಡಂಗುರಕ್ಕೆ ಕಿವಿಗೊಡದವರೂ ಇದಕ್ಕೆ ಕಿವಿಗೊಟ್ಟರು. ಹೇಳಬಾರದ ಸುದ್ದಿ ಎಂದ ಮೇಲೆ ತಿಳಿಯದೆ ಇರುವುದು ಹೇಗೆ? ಮಧ್ಯಾಹ್ನ ಊಟ ಮುಗಿಸಿ ಜನ ಬೈಂಡಿಂಗ್ ಅಂಗಡಿಯ ಓಣಿಗೆ ಬರತೊಡಗಿದರು. ರೇವಣಪ್ಪ ಪೆಂಡಾಲು ಹಾಕಿಸುವ ಮಾತೆತ್ತಿದ. ಹನೀಫ ಅವನೆರಡೂ ಕೈ ಹಿಡಿದುಕೊಂಡ.

"ರೇವಣಪ್ಪಾರ, ನನ್ನ ಮ್ಯಾಲೆ ಪ್ರೀತಿ ಇದ್ರ ಎರಡ ಮಾತ ನಡಸಿಕೊಡ್ರಿ. ಯಾರಿಗೂ ಹಿಂಗ ಹಾಕ್ರಿ, ಹಂಗ ಹಾಕ್ರಿ ಅನಬ್ಯಾಡ್ರಿ. ಇನ್ನೊಂದು, ಆಟಾ ಆಡಲಾರದ ಯಾರೂ ಓಟ ಹಾಕಬಾರದು. ಗುರುತಿಗಿ ಹಾಕಿದ ಓಟ ನನಗ ಬ್ಯಾಡ್ರಿ."

"ಉಳದ ನಾಕ ಆಟಾ ಯಾರ ಆಡಬೇಕು?"

"ಅವನ್ನ ಆಡಿದಾವ್ರು ಬೆಂಗಳೂರಾಗೂ ಇಲ್ರಿ. ನಮ್ಮದರೆ ಆಡಲಿ."

ರೇವಣಪ್ಪನಿಗೆ ಇದು ಎಲ್ಲೂ ಕೇಳರಿಯದ ಎಲೆಕ್ಷನ್ ಅನಿಸಿತು. ಆದರೂ ಮಾತು ಕೊಟ್ಟ. ಹೀಗಾಗಿ ಕಸ್ತೂರೆವ್ವನ ಕಟ್ಟೆಯ ಮೇಲೆ, ಓಣಿಯ ತುಂಬ ಚಾಪೆ ಬಿದ್ದವು. ಬಂದವರನ್ನು ಚಾಪೆಗೆ ಐದೈದು ಮಂದಿಯಂತೆ ಕೂಡಿಸಿ, ಎಲೆಗಳನ್ನು ಚಾಪೆಗಿಷ್ಟು ಹಂಚಿ, ಮುದುಕಿ ಎಲ್ಲರನ್ನೂ ಒಟ್ಟಿಗೇ ಹೊಳೆ ದಾಟಿಸತೊಡಗಿದಳು. "ಏ, ಗದ್ದಲ ಹಾಕಬ್ಯಾಡ್ರಿ, ಕೈಕಟ್ಟಿ ಕೂಡ್ರಿ" ಎಂದು ಗದರಿದರೆ ಮೀಸೆ ಬಂದವರೂ ಕೈಕಟ್ಟಿ ಕೂತರು. ಒಂದು ಹೊಳೆ ದಾಟಿದ ಮೇಲೆ ಒಬ್ಬೊಬ್ಬರೇ ಗೋಡೆಗೆ ಬೆನ್ನು ಹಚ್ಚಿ ಫೋನು ತೆರೆಯುತ್ತಿದ್ದರು. ಪರದೆಯ ಮೇಲೆ ಐದು ಆಟಗಳ ಹೆಸರು, ಆಟ ಮಾಡಿದವರ ಹೆಸರು. ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಒಂದರಿಂದ ಐದರವರೆಗೆ ಜೋಡಿಸಿ, ತಮ್ಮ ಊರಿನ ಹೆಸರು ತುಂಬಿ ಕಳಿಸಿದರೆ ಆಯಿತು. ರೇವಣಪ್ಪ ಕಣ್ಣು ಮುಗಿಲ ಕಡೆ ಇಟ್ಟುಕೊಂಡು ಅಲ್ಲೇ ಓಡಾಡಿದ. ಜೀವಮಾನದಲ್ಲಿ ಮೊದಲ ಸಲ ಓಟು ಹಾಕುವವರ ಕಡೆ ನೋಡದೆ ಇದ್ದ. ಆಟ ಆಡದ್ದರಿಂದ ತಾನೂ ಓಟು ಹಾಕಲಿಲ್ಲ.

ಹನೀಫ ಅಂಗಡಿಯ ಶಟರು ಅರ್ಧ ಎಳೆದುಕೊಂಡು ಒಳಗೆ ಕೂತ. ಹೊರಗಿನ ನಗು, ದಾಳದ ಸದ್ದು, ಕಸ್ತೂರೆವ್ವನ ಗದರಿಕೆ ಕೇಳುತ್ತಿದ್ದವು. ಮದುವೆಮನೆಗೆ ಮೆಹಂದಿ ಬರೆಯಲು ಹೋಗಿದ್ದ ಸಗೀರಾ ಮೂರು ಗಂಟೆಗೆ ಬಂದು, ತಾನೂ ಕಟ್ಟೆಯ ಮೇಲೆ ಕೂತು ಒಂದು ಹೊಳೆ ದಾಟಿ ಓಟು ಹಾಕಿ ಹೋದದ್ದನ್ನು ಶಟರಿನ ಕೆಳಗೆ ಕಂಡ ಚಪ್ಪಲಿಯಿಂದಲೇ ಗುರುತಿಸಿದ. ಇಷ್ಟೊಂದು ಜನ ತನಗಾಗಿ ಬಂದಿದ್ದಾರೆ ಎಂದು ಉಳಿದ ಚಪ್ಪಲಿಗಳನ್ನೂ ಎಣಿಸುತ್ತ ಕೂತ.

ತಾನು ಮಾತ್ರ ಓಟು ಹಾಕಬಾರದೆಂದು ಅವನು ಬೆಳಿಗ್ಗೆಯೇ ನಿಶ್ಚಯ ಮಾಡಿದ್ದ. ತನಗೆ ತಾನೇ ಓಟು ಹಾಕಿಕೊಳ್ಳುವುದು ಸಭ್ಯರ ಕೆಲಸವಲ್ಲ. ನಾಲ್ಕೂವರೆಯವರೆಗೆ ನಿಶ್ಚಯ ಗಟ್ಟಿಯಾಗಿತ್ತು. ನಾಲ್ಕು ಐವತ್ತಕ್ಕೆ, ಒಂದು ಓಟಿನಿಂದ ಸೋತರೆ ಸಗೀರಾಳಿಗೆ ಏನು ಹೇಳಲಿ ಎನಿಸಿತು. ನಾಲ್ಕು ಐವತ್ತೈದಕ್ಕೆ ಕಾಗದದ ರಾಶಿಯ ಹಿಂದೆ ಬಗ್ಗಿ, ಬೆಕ್ಕು ಹಾಲು ಕುಡಿದ ಹಾಗೆ ಕಣ್ಣು ಮುಚ್ಚಿ, 'ಭೀಮಾ ದಾಟು'ವನ್ನು ಎಲ್ಲಕ್ಕಿಂತ ಮೇಲೆ ಸರಿಸಿ ಕಳಿಸಿಬಿಟ್ಟ. ಬೆವರು ಒರೆಸಿಕೊಂಡ.

ಆರು ಗಂಟೆಗೆ ವಿಜಯಲಕ್ಷ್ಮಿಯ ಫೋನು ಬಂತು. ಓಣಿ ತುಂಬ ಜನ. ರೇವಣಪ್ಪ ಶಟರು ಎತ್ತಿ ಒಳಗೆ ನುಗ್ಗಿ ಹನೀಫನ ಕಿವಿಗೆ ತನ್ನ ಕಿವಿ ಹಚ್ಚಿ ನಿಂತ.

"ಸರ್, ಮುದ್ದೇಬಿಹಾಳದ ಅನಿಲ್ ಅವರ ಆಟ ಗೆದ್ದಿದೆ. ನಿಮ್ಮದು ಐದನೇ ಸ್ಥಾನ."

"ಮೋಸ!" ರೇವಣಪ್ಪ ಫೋನಿಗೇ ಕೂಗಿದ. "ನಮ್ಮೂರಿಂದನ ನಾನೂರ ಓಟ ಬಿದ್ದಾವ! ಹೊಳ್ಳಿ ಎಣಸ್ರಿ!"

"ಎಣಿಸಿದ್ದೀವಿ ಸರ್. ಇಂಡಿಯಿಂದ ನಾನೂರ ಹನ್ನೆರಡು ಓಟು ಬಂದಿದೆ. ಅದರಲ್ಲಿ ನಾನೂರ ಹನ್ನೊಂದು ಜನ ಅನಿಲ್ ಅವರನ್ನ ಮೊದಲನೇ ಸ್ಥಾನಕ್ಕೆ, ನಿಮ್ಮನ್ನ ಐದನೇ ಸ್ಥಾನಕ್ಕೆ ಇಟ್ಟಿದ್ದಾರೆ. ಒಬ್ಬರು ಮಾತ್ರ ನಿಮ್ಮನ್ನ ಮೊದಲು ಇಟ್ಟಿದ್ದಾರೆ. ಅದು ಯಾರು ಅಂತ ನಾವು ಕೇಳಲ್ಲ."

ಹನೀಫನ ಕಿವಿಯ ತುದಿಯವರೆಗೂ ರಕ್ತ ಏರಿತು. ರೇವಣಪ್ಪ ಕುರ್ಚಿಯ ಮೇಲೆ ಕುಸಿದ. ಫೋನಿನ ದನಿ ಮಾತ್ರ ಮೆತ್ತಗಾಗಿತ್ತು.

"ಸರ್, ನಿಮ್ಮ ಮೇಲೆ ಬಂದ ದೂರೆಲ್ಲ ಬಿದ್ದುಹೋಯ್ತು. ಸ್ವಂತ ಊರಿನ ಜನ ಇಷ್ಟು ನಿಷ್ಪಕ್ಷಪಾತವಾಗಿ ಓಟು ಹಾಕಿದ್ದನ್ನ ನಾವು ನೋಡೇ ಇಲ್ಲ. ಮೂರು ಗುಂಪಿನವರೂ ಒಪ್ಪಿರೋದು ನಿಮ್ಮೊಬ್ಬರ ಹೆಸರನ್ನೇ. ಮೂರು ವರ್ಷ ನೀವು ನಮ್ಮ ತೀರ್ಪುಗಾರರಾಗಬೇಕು. ಆಗಲ್ಲ ಅನ್ನಬೇಡಿ."

"ಆಗ್ಲಿ ಮೇಡಂ" ಎಂದಿತು ಹನೀಫನ ಬಾಯಿ. ಕಿವಿಗೆ ಇನ್ನೂ ಏನೂ ಹೋಗಿರಲಿಲ್ಲ.

"ಥ್ಯಾಂಕ್ಯೂ ಸರ್. ಮುಂದಿನ ವಾರ ನಲವತ್ತು ಆಟದ ಪೆಟ್ಟಿಗೆ ಕಳಿಸ್ತೀವಿ, ಓದಿ ಅಂಕ ಹಾಕಿ. ನಿಯಮ ನಿಮಗೆ ಗೊತ್ತಲ್ಲ, ಈ ಮೂರು ವರ್ಷ ನೀವಾಗಲಿ ನಿಮ್ಮ ಮನೆಯವರಾಗಲಿ ಆಟ ಕಳಿಸೋ ಹಾಗಿಲ್ಲ."

ಹನೀಫ ಫೋನು ಇಟ್ಟ. ನಾನೂರ ಹನ್ನೊಂದು ಜನ. ಅವರ ಪುಸ್ತಕ ಹೊಲಿದಿದ್ದಾನೆ, ಅವರ ಮಕ್ಕಳ ಪಾಟಿಚೀಲದ ಹರಿದ ಪುಸ್ತಕಗಳಿಗೆ ಕಾಸು ಕೇಳದೆ ಅಂಟು ಹಚ್ಚಿದ್ದಾನೆ. ಒಬ್ಬರಿಗಾದರೂ ಆಟ ಹಿಡಿಸಲಿಲ್ಲವೇ? ಹಿಡಿಸದಿದ್ದರೆ ಇಡೀ ಮಧ್ಯಾಹ್ನ ಅಷ್ಟು ನಕ್ಕಿದ್ದಾದರೂ ಯಾಕೆ? ಅವನಿಗೆ ಅಳು ಬಂತು. ಆದರೂ ಹೊರಗೆ ಹೋಗಿ ಹೇಳಲೇಬೇಕಿತ್ತು.

ಅವನು ಹೊಸ್ತಿಲಿಗೆ ಬಂದಾಗ ಓಣಿಯೆಲ್ಲ ಅವನ ಕಡೆ ತಿರುಗಿತು. ಕಸ್ತೂರೆವ್ವ ಕಟ್ಟೆಯ ಮೇಲಿಂದಲೇ ಕೇಳಿದಳು. "ಎಷ್ಟನೇದಾವ ಆದೀ ಹನೀಫಾ?"

"ಐದನೇದಾವ ಆದೆ ಯವ್ವಾ" ಎಂದ ತಲೆ ತಗ್ಗಿಸಿ. "ಕಡೀಕ."

ಓಣಿ ಒಂದೇ ಸಲಕ್ಕೆ ಕೇಕೆ ಹಾಕಿತು. ಸೀಟಿ, ಚಪ್ಪಾಳೆ. ಯಾರೋ ಅವನನ್ನು ಎತ್ತಿಕೊಂಡರು. ಯಾರೋ ಬಾಯಿಗೆ ಪೇಢೆ ತುರುಕಿದರು. ಕಾಸಿಂಸಾಬ ಆಟೋದ ಮೈಕಿನಲ್ಲಿ "ಗೆದ್ದರು! ಗೆದ್ದರು! ಹನೀಫಸಾಬರು ಕಡೀಕ ದಾಟಿದರು!" ಎಂದು ಕೂಗತೊಡಗಿದ.

"ನಾ ಯಾರಿಗೂ ಒಂದ ಮಾತ ಹೇಳಲಿಲ್ಲ ನೋಡಪಾ" ಎಂದಳು ಕಸ್ತೂರೆವ್ವ, ಅವನ ಗಲ್ಲ ಸವರಿ ನೆಟಿಗೆ ಮುರಿದು. "ಆಟಾ ಆಡಿದಾವ್ರಿಗೆ ಹೇಳೂದೇನೈತಿ? ಆ ಮುದ್ದೇಬಿಹಾಳದಾಂವ ಮುಂಜಾನಿಂದ ವಟವಟ ಹಚ್ಚಿದ್ದ. ಅವನ್ನ ಮೊದಲನೇ ದೋಣ್ಯಾಗ ಕೂಡಿಸಿ ಸಾಗಹಾಕಿದ್ವಿ. ಉಳದಾವ್ರನ್ನೂ ಸುಖಾಗಿ ದಾಟಿಸಿದ್ವಿ. ನೀ ಹೇಳಿದಂಗನ."

ಅರ್ಧ ಕಚ್ಚಿದ ಪೇಢೆ ಕೈಯಲ್ಲಿ ಹಿಡಿದ ಹನೀಫನಿಗೆ ಎಲ್ಲ ಹೊಳೆಯಿತು. ಅಂಗಡಿಯೊಳಗೆ ಕೂತಿದ್ದ ರೇವಣಪ್ಪನಿಗೂ ಆಗ ತಿಳಿಯಿತು. ಅವನು ಎದ್ದು ಬಾಯಿ ತೆರೆದ. ಹನೀಫ ಆ ಬಾಯಿಗೆ ಉಳಿದ ಅರ್ಧ ಪೇಢೆ ಇಟ್ಟುಬಿಟ್ಟ. ಕುಣಿಯುವವರನ್ನು ನಿಲ್ಲಿಸಿ ನೀವು ನನ್ನನ್ನು ಮುಳುಗಿಸಿದಿರಿ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಇರಲಿಲ್ಲ. ಒಂದು ಗಳಿಗೆಯ ಹಿಂದೆ ಅವನು ಇಡೀ ಊರನ್ನು ಕಳೆದುಕೊಂಡಿದ್ದ. ಈಗ ಅದು ಹಿಂದಿರುಗಿ ಸಿಕ್ಕಿತ್ತು.

ಜನ ಕರಗಿದ ಮೇಲೆ ಅಂಗಡಿಯ ಹಿಂದಿನ ಮನೆಗೆ ಹೋದ. ಸಗೀರಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೆರಳ ತುದಿಗಳೆಲ್ಲ ಮೆಹಂದಿಯಿಂದ ಕೆಂಪಾಗಿದ್ದವು.

"ನೀನೂ ನನ್ನ ಕಡೀಕ ಇಟ್ಟೀ?"

"ಮತ್ತ!" ಎಂದಳು ಅವಳು. "ನಿಮ್ಮನ್ನ ಮೊದಲನೇ ದೋಣ್ಯಾಗ ಕಳಿಸಿ, ಈ ದಂಡ್ಯಾಗ ನಾ ಯಾರ ಜೋಡಿ ಇರ್ಲಿ? ಇರ್ಲಿ ಬಿಡ್ರಿ. ಪೆಟ್ಟಿಗಿ ಯಾವಾಗ ಬರ್ತಾವ?"

"ಮುಂದಿನ ವಾರ" ಎಂದ ಹನೀಫ. "ನಲವತ್ತು."

"ಸಾವಿರ ಅಂದಿದ್ರಿ."

ಅವಳ ಮುಂದೆ ಸುಳ್ಳು ಹೇಳುವುದು ಅವನಿಗೆ ಎಂದೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಬೆಂಗಳೂರಿನವರ ಲೆಕ್ಕದಲ್ಲಿ ಮೇಲಿದ್ದವನೇ ಗೆದ್ದವನು ಎಂದ. ಬರುವ ಪೆಟ್ಟಿಗೆಗಳು ಬೇರೆಯವರವು, ಅವುಗಳ ಮೇಲೆ ಬೇರೆಯವರ ಹೆಸರು, ಮೂರು ವರ್ಷ ತನ್ನ ಕೈ, ಅವಳ ಕೈ ಎರಡೂ ಕಟ್ಟಿವೆ ಎಂದ. ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಸಗೀರಾ ಹಿಟ್ಟಿನ ಕೈ ಹಾಗೇ ಹಿಡಿದು ಕೂತಳು. ಅವಳ ಕಣ್ಣು ತುಂಬಿದ್ದನ್ನು ನೋಡಲಾರದೆ ಅವನು ರೊಟ್ಟಿ ತಿರುವಿ ಹಾಕಿದ. ಆಮೇಲೆ ನೋಡಿದರೆ ಅವಳ ಹೆಗಲು ಕುಣಿಯುತ್ತಿತ್ತು, ಅವಳು ನಗುತ್ತಿದ್ದಳು.

"ನಾನೂರ ಹನ್ನೊಂದ ಮಂದಿ!" ಎಂದಳು, ಸೆರಗಿನಿಂದ ಕಣ್ಣು ಒರೆಸಿಕೊಂಡು. "ಯಾರಿಗೂ ಹೇಳಬ್ಯಾಡ್ರಿ. ಪಾಪ, ಎಷ್ಟ ಪ್ರೀತಿಲೆ ಮುಳಿಗ್ಸ್ಯಾರ."

"ಹೇಳೂದಿಲ್ಲ."

"ಅಲ್ರಿ, ಆ ಉಳದ ಒಬ್ಬಾಂವ ಯಾರ್ರಿ? ನಿಮ್ಮನ್ನ ಮೊದಲ ಇಟ್ಟಾಂವ?"

ಹನೀಫ ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡ.

"ಯಾರೋ ಆಟಾ ಬರಲಾರದಾಂವ ಇರಬೇಕು" ಎಂದ.